ಹಿಮಕ್ಕಾಗಿ ಕಾದ ಊರು: ಸರಾಯೆವೊ, 1984

ಬಸ್ಸಲ್ಲಿ, ಮೆಟ್ರೋದಲ್ಲಿ, ರಾತ್ರಿ ಪಾತ್ರೆ ತೊಳೀತಾ ಈ ಪಾಡ್‌ಕಾಸ್ಟ್ ಕೇಳೋ ಎಲ್ಲರಿಗೂ ಸ್ವಾಗತ. ಇಯರ್‌ಫೋನ್ ಮರೆತು ಬಂದಿದೀನಿ, ಓದ್ಕೋತೀನಿ ಅಂತ ಈ ಪುಟ ತೆರೆದವರಿಗೂ ಸ್ವಾಗತ.

ನಿಜ ಹೇಳ್ಬೇಕು ಅಂದ್ರೆ ನಾನು ಮಾಡೋಕೆ ಹೊರಟಿದ್ದು ಬೇರೆ ಎಪಿಸೋಡ್. ಒಲಿಂಪಿಕ್ಸ್ ನಡೆಸೋ ಊರುಗಳು ಹೇಗೆ ಸಾಲದಲ್ಲಿ ಮುಳುಗುತ್ತವೆ ಅನ್ನೋ ಲೆಕ್ಕಾಚಾರದ ಎಪಿಸೋಡ್. ನಾನು ಬಿಕಾಂ ಓದಿದವನು, ಖರ್ಚು-ವೆಚ್ಚದ ಕಾಲಂ ನೋಡಿದರೆ ಕೈ ತಡೆಯಲ್ಲ. ಕೆನಡಾದ ಮಾಂಟ್ರಿಯಲ್ 1976ರಲ್ಲಿ ಬೇಸಿಗೆ ಒಲಿಂಪಿಕ್ಸ್ ನಡೆಸಿ, ಅದರ ಸಾಲ ತೀರಿಸಿ ಮುಗಿಸಿದ್ದು 2006ರಲ್ಲಿ. ಮೂವತ್ತು ವರ್ಷ! ಅಮೆರಿಕದ ಡೆನ್ವರ್‌ಗೆ 1976ರ ಚಳಿಗಾಲದ ಒಲಿಂಪಿಕ್ಸ್ ಸಿಕ್ಕಿತ್ತು. 1972ರಲ್ಲಿ ಅಲ್ಲಿನ ಜನ ವೋಟು ಹಾಕಿ, ನಮ್ಮ ತೆರಿಗೆ ದುಡ್ಡು ಇದಕ್ಕೆ ಬೇಡ ಅಂತ ಬಂದ ಭಾಗ್ಯವನ್ನೇ ವಾಪಸ್ ಕಳಿಸಿದರು. ಇಂಥ ಐದಾರು ಊರುಗಳ ಪಟ್ಟಿ ಮಾಡ್ಕೊಂಡು ಕೂತಿದ್ದೆ.

ಆ ಪಟ್ಟಿಯಲ್ಲಿ ಒಂದು ಹೆಸರು ಬಂತು. ಅಲ್ಲಿಗೆ ನನ್ನ ಎಪಿಸೋಡ್ ನಿಂತುಹೋಯಿತು. ಯಾಕಂದ್ರೆ ಆ ಊರಿನ ಲೆಕ್ಕವನ್ನ ಯಾವ ಕಾಲಂನಲ್ಲಿ ಬರೀಬೇಕು ಅನ್ನೋದೇ ನನಗೆ ತಿಳಿಯಲಿಲ್ಲ.

ಊರಿನ ಹೆಸರು ಸರಾಯೆವೊ. ಸ್ಪೆಲ್ಲಿಂಗ್ ನೋಡಿ ನಾವು ‘ಸರಾಜೆವೊ’ ಅಂತೀವಿ, ಅಲ್ಲಿಯವರು ಹೇಳೋದು ‘ಸರಾಯೆವೊ’. ಈಗ ಬೋಸ್ನಿಯಾ ದೇಶದ ರಾಜಧಾನಿ. ಆಗ, ಅಂದ್ರೆ 1984ರಲ್ಲಿ, ಯುಗೊಸ್ಲಾವಿಯಾ ಅನ್ನೋ ದೊಡ್ಡ ದೇಶದ ಆರು ಗಣರಾಜ್ಯಗಳಲ್ಲಿ ಒಂದರ ರಾಜಧಾನಿ.

ಒಂದು ಗುಂಡಿನ ಊರು

ಸರಾಯೆವೊ ಒಂದು ಬಟ್ಟಲಿನ ತಳದಲ್ಲಿ ಕೂತಿರೋ ಊರು. ಸುತ್ತ ಬೆಟ್ಟ, ನಡುವೆ ಉದ್ದಕ್ಕೆ ಚಾಚಿದ ಕಣಿವೆ, ಅದರ ಮಧ್ಯೆ ಮಿಲ್ಯಾಟ್ಸ್ಕಾ ಅನ್ನೋ ಸಣ್ಣ ನದಿ. ಹಳೇ ಪೇಟೆಯಲ್ಲಿ ಮಸೀದಿ, ಕ್ಯಾಥೊಲಿಕ್ ಚರ್ಚು, ಆರ್ಥೊಡಾಕ್ಸ್ ಚರ್ಚು, ಯಹೂದಿಗಳ ಸಿನಗಾಗ್ ಎಲ್ಲವೂ ಒಂದಕ್ಕೊಂದು ನಡ್ಕೊಂಡು ಹೋಗೋ ದೂರದಲ್ಲಿವೆ. 1980ರ ದಶಕದ ಶುರುವಿನಲ್ಲಿ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ.

ಹೊರಗಿನವರಿಗೆ ಈ ಊರಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ. ನಮ್ಮ ಹೈಸ್ಕೂಲು ಪಾಠದಲ್ಲೂ ಇತ್ತಲ್ಲ, ಒಂದನೇ ಮಹಾಯುದ್ಧಕ್ಕೆ ತಕ್ಷಣದ ಕಾರಣ? 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನೆಂಡ್‌ನನ್ನು ಗುಂಡಿಟ್ಟು ಕೊಂದದ್ದು ಇದೇ ಊರಿನ ನದಿ ದಡದ ರಸ್ತೆಯಲ್ಲಿ. ಎರಡು ಅಂಕದ ಪ್ರಶ್ನೆ. ನಾವು ಬಾಯಿಪಾಠ ಮಾಡಿ ಬರೆದು ಮರೆತೆವು. ಆ ಊರಿನವರು ಎಪ್ಪತ್ತು ವರ್ಷ ಆ ಒಂದು ಗುಂಡಿನ ಗುರುತು ಹೊತ್ತುಕೊಂಡು ಬದುಕಿದರು. ಅವರಿಗೆ ಜಗತ್ತಿಗೆ ಹೇಳೋಕೆ ಬೇರೆ ಏನಾದರೂ ಬೇಕಿತ್ತು.

1978ರ ಮೇ 18. ಗ್ರೀಸಿನ ಅಥೆನ್ಸ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆ. 1984ರ ಚಳಿಗಾಲದ ಆಟಗಳಿಗೆ ಮೂರು ಊರುಗಳ ಪೈಪೋಟಿ: ಜಪಾನಿನ ಸಪ್ಪೊರೊ, ಸ್ವೀಡನ್ನಿನ ಗೊಥೆನ್‌ಬರ್ಗ್, ನಮ್ಮ ಸರಾಯೆವೊ. ಸಪ್ಪೊರೊ 1972ರಲ್ಲೇ ಒಮ್ಮೆ ನಡೆಸಿ ಪಳಗಿದ ಊರು. ಮೊದಲ ಸುತ್ತಿನಲ್ಲಿ ಸಪ್ಪೊರೊ 33, ಸರಾಯೆವೊ 31, ಗೊಥೆನ್‌ಬರ್ಗ್ 10. ಕಡೇ ಊರು ಹೊರಗೆ ಹೋಯಿತು, ಮತ್ತೆ ಮತದಾನ. ಸರಾಯೆವೊ 39, ಸಪ್ಪೊರೊ 36. ಮೂರೇ ಮೂರು ವೋಟು.

ಸಮಾಜವಾದಿ ದೇಶವೊಂದರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯೋದು ಅದೇ ಮೊದಲು. ಗೆದ್ದ ಖುಷಿ ಇಳಿದ ಮೇಲೆ ಊರಿನವರು ಬೆಟ್ಟಗಳ ಕಡೆ ತಿರುಗಿ ನೋಡಿರಬೇಕು. ಯಾಹೊರಿನಾ ಬೆಟ್ಟದಲ್ಲಿ ಮೊದಲಿಂದಲೂ ಸ್ಕೀ ಮಾಡ್ತಿದ್ದರು. ಸ್ಕೆಂದೆರಿಯಾ ಅನ್ನೋ ಒಳಾಂಗಣ ಕ್ರೀಡಾಂಗಣ 1969ರಿಂದ ಇತ್ತು. ಕೊಶೆವೊ ಅನ್ನೋ ಫುಟ್‌ಬಾಲ್ ಸ್ಟೇಡಿಯಂ ಇತ್ತು. ಅಷ್ಟೇ. ಸ್ಕೀ ಜಂಪ್ ಗೋಪುರ ಇಲ್ಲ. ಬಾಬ್‌ಸ್ಲೆಡ್ ಓಡಿಸೋ ಹಾದಿ ಇಲ್ಲ. ಬಾಬ್‌ಸ್ಲೆಡ್ ಗೊತ್ತಲ್ಲ, ದೋಣಿ ಥರದ ಗಾಡಿಯಲ್ಲಿ ಇಬ್ಬರೋ ನಾಲ್ವರೋ ಕೂತು ಐಸ್ ಕಾಲುವೆಯಲ್ಲಿ ಜಾರಿಕೊಂಡು ಬರೋ ಆಟ. ಸ್ಕೇಟಿಂಗ್‌ಗೆ ದೊಡ್ಡ ಹಾಲ್ ಇಲ್ಲ. ಬಂದವರಿಗೆ ಉಳಿಯೋಕೆ ಸಾಕಷ್ಟು ಹೋಟೆಲ್ ಇಲ್ಲ. ಕೈಯಲ್ಲಿ ಇದ್ದದ್ದು ಆರು ವರ್ಷಕ್ಕೂ ಕಮ್ಮಿ.

ದುಡ್ಡು ಎಲ್ಲಿಂದ ಬಂತು?

ಇಲ್ಲಿ ನನ್ನ ಬಿಕಾಂ ತಲೆ ಓಡುತ್ತೆ, ಸ್ವಲ್ಪ ಸಹಿಸಿಕೊಳ್ಳಿ.

ಯುಗೊಸ್ಲಾವಿಯಾ ಅಂದ್ರೆ ನಮ್ಮ ಅಜ್ಜ-ಅಜ್ಜಿ ಕಾಲದವರಿಗೆ ಪರಿಚಯದ ಹೆಸರು. ನೆಹರೂ, ಈಜಿಪ್ಟಿನ ನಾಸರ್, ಯುಗೊಸ್ಲಾವಿಯಾದ ಟಿಟೊ. ಅಮೆರಿಕದ ಕಡೆಯೂ ಬೇಡ, ರಷ್ಯಾದ ಕಡೆಯೂ ಬೇಡ ಅಂತ ಹೊರಟ ಅಲಿಪ್ತ ದೇಶಗಳ ಕೂಟದ ಮೊದಲ ಶೃಂಗಸಭೆ ನಡೆದಿದ್ದು 1961ರಲ್ಲಿ, ಯುಗೊಸ್ಲಾವಿಯಾದ ಬೆಲ್‌ಗ್ರೇಡ್‌ನಲ್ಲಿ. ದೇಶದೊಳಗಿನ ಬೇರೆಬೇರೆ ಜನಾಂಗಗಳನ್ನ ಒಟ್ಟಿಗೆ ಹಿಡಿದಿಟ್ಟಿದ್ದವರು ಈ ಟಿಟೊ ಅಂತ ಎಲ್ಲರೂ ಹೇಳ್ತಿದ್ದರು. ಅವರು 1980ರ ಮೇ 4ರಂದು ತೀರಿಕೊಂಡರು. ಒಲಿಂಪಿಕ್ಸ್ ಕೆಲಸ ಇನ್ನೂ ಕುಂಟುತ್ತಾ ಶುರುವಾಗಿದ್ದ ಸಮಯ.

ಟಿಟೊ ಹೋದ ಮೇಲೆ ಸಾಲದ ಪುಸ್ತಕ ತೆರೆದುಕೊಂಡಿತು. ದೇಶದ ಮೇಲೆ ಸುಮಾರು 2,000 ಕೋಟಿ ಡಾಲರ್ ವಿದೇಶಿ ಸಾಲ. ಅಂಗಡಿಯಲ್ಲಿ ಕಾಫಿ ಪುಡಿ ಸಿಗಲ್ಲ, ಬಟ್ಟೆ ಸೋಪಿನ ಪುಡಿ ಸಿಗಲ್ಲ. ಪೆಟ್ರೋಲಿಗೆ ಕೂಪನ್. ಕರೆಂಟ್ ಕಟ್. 1982ರಲ್ಲಿ, ದೇಶ ಬಿಟ್ಟು ಹೊರಗೆ ಹೋಗೋರು ಸರ್ಕಾರದಲ್ಲಿ ಠೇವಣಿ ಇಡಬೇಕು ಅಂತ ಕಾನೂನೇ ಬಂತು. ಯೋಚನೆ ಮಾಡಿ, ಕಾಫಿ ಪುಡಿಗೆ ಕ್ಯೂ ನಿಂತ ಜನ ತಲೆ ಎತ್ತಿದರೆ ಎದುರಿಗೆ ಒಲಿಂಪಿಕ್ಸ್ ಕಟ್ಟಡ ಏಳ್ತಾ ಇದೆ. ಅದೇ ಜನರ ಸಂಬಳದಿಂದ ಒಂದು ಸಣ್ಣ ಪಾಲು ಒಲಿಂಪಿಕ್ಸ್ ನಿಧಿಗೆ ಹೋಗ್ತಾ ಇದೆ.

ಇನ್ನೊಂದು ಕಡೆಯಿಂದ ದೊಡ್ಡ ದುಡ್ಡು ಬಂತು: ಟಿವಿ. ಅಮೆರಿಕದ ಎಬಿಸಿ ಚಾನೆಲ್ 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಆಟಗಳಿಗೆ ಕೊಟ್ಟಿದ್ದು 1.55 ಕೋಟಿ ಡಾಲರ್. ಅದೂ ತನ್ನ ದೇಶದಲ್ಲೇ ನಡೆದ ಆಟ. ಸರಾಯೆವೊಗೆ ಅದೇ ಚಾನೆಲ್ ಕೊಟ್ಟಿದ್ದು 9.15 ಕೋಟಿ ಡಾಲರ್. ನಾಲ್ಕೇ ವರ್ಷದಲ್ಲಿ ಹೆಚ್ಚುಕಮ್ಮಿ ಆರು ಪಟ್ಟು! ಡಾಲರ್‌ಗಾಗಿ ಬಾಯಿ ಬಿಟ್ಟು ಕೂತಿದ್ದ ದೇಶಕ್ಕೆ ಇದು ಬರಗಾಲದ ಮಳೆ.

ಸಂಘಟನಾ ಸಮಿತಿಯ ಅಧ್ಯಕ್ಷ ಬ್ರಾಂಕೊ ಮಿಕುಲಿಚ್, ಮುಂದೆ ಯುಗೊಸ್ಲಾವಿಯಾದ ಪ್ರಧಾನಿಯಾದವರು. 1981ರಿಂದ 83ರವರೆಗೆ ಮೇಯರ್ ಆಗಿದ್ದವರು ಎಮೆರಿಕ್ ಬ್ಲುಮ್. ಈ ಬ್ಲುಮ್ ಬರೀ ರಾಜಕಾರಣಿ ಅಲ್ಲ, ಎನೆರ್ಗೊಇನ್ವೆಸ್ಟ್ ಅನ್ನೋ ದೊಡ್ಡ ಎಂಜಿನಿಯರಿಂಗ್ ಕಂಪನಿ ಕಟ್ಟಿದವರು. ಕೆಲಸಕ್ಕೆ ಟೈಮ್ ಟೇಬಲ್ ಹಾಕಿ ಮುಗಿಸೋದು ಗೊತ್ತಿದ್ದ ಮನುಷ್ಯ.

ಬೆಟ್ಟ ಸಾಲದೇ ಹೋದಾಗ

ಕೆಲಸ ಒಂದೊಂದೇ ಮೇಲೆದ್ದಿತು. ಇಗ್ಮನ್ ಬೆಟ್ಟದಲ್ಲಿ ಸ್ಕೀ ಜಂಪ್. ಟ್ರೆಬೆವಿಚ್ ಬೆಟ್ಟದ ಕಾಡಿನ ನಡುವೆ ಸುಮಾರು 1,300 ಮೀಟರ್ ಉದ್ದದ ಕಾಂಕ್ರೀಟ್ ಬಾಬ್‌ಸ್ಲೆಡ್ ಹಾದಿ. ಯಾಹೊರಿನಾದಲ್ಲಿ ಹೆಂಗಸರ ಸ್ಕೀ ಸ್ಪರ್ಧೆ, ಬ್ಯೆಲಾಶ್ನಿತ್ಸಾದಲ್ಲಿ ಗಂಡಸರದು. ಊರೊಳಗೆ ಝೆತ್ರಾ ಅನ್ನೋ ಹೊಸ ಐಸ್ ಹಾಲ್, ಮೇಲೆ ತಾಮ್ರದ ಚಾವಣಿ.

ಬ್ಯೆಲಾಶ್ನಿತ್ಸಾದ ಕತೆ ನನಗೆ ತುಂಬ ಇಷ್ಟ. ಗಂಡಸರ ಡೌನ್‌ಹಿಲ್ ಸ್ಪರ್ಧೆಗೆ ಒಂದು ನಿಯಮ ಇದೆ, ಶುರುವಾಗೋ ಜಾಗಕ್ಕೂ ಮುಗಿಯೋ ಜಾಗಕ್ಕೂ ಕನಿಷ್ಠ 800 ಮೀಟರ್ ಎತ್ತರದ ವ್ಯತ್ಯಾಸ ಇರಬೇಕು. ಅಳತೆ ಮಾಡಿದರೆ ಬೆಟ್ಟ ಕೆಲವೇ ಮೀಟರ್ ಕಮ್ಮಿ ಬೀಳ್ತಾ ಇದೆ. ಬೆಟ್ಟವನ್ನ ಎಳೆದು ಉದ್ದ ಮಾಡೋಕಾಗುತ್ತಾ? ಅವರು ಏನು ಮಾಡಿದರು ಗೊತ್ತಾ? ತುದಿಯಲ್ಲಿ ಒಂದು ರೆಸ್ಟೋರೆಂಟ್ ಕಟ್ಟಡ ಕಟ್ಟಿ, ಸ್ಪರ್ಧಿಗಳು ಆ ಕಟ್ಟಡದ ಮೇಲಿಂದಲೇ ಹೊರಡೋ ಹಾಗೆ ಮಾಡಿದರು. ನಿಯಮವೂ ಪಾಲಿಸಿದ ಹಾಗಾಯ್ತು, ಊಟಕ್ಕೂ ಒಂದು ಜಾಗ ಆಯ್ತು.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬೇಕು ಅಂದ್ಕೊಂಡಿರೋದು ಆಟದ ಮೈದಾನಗಳ ಹತ್ತಿರ ಅಲ್ಲ, ಮನೆಗಳ ಹತ್ತಿರ. ಕ್ರೀಡಾಪಟುಗಳು ಇರೋಕೆ ಮೊಯ್ಮಿಲೊ ಅನ್ನೋ ಕಡೆ ಒಂದು ಬಡಾವಣೆ ಕಟ್ಟಿದರು. ಪತ್ರಕರ್ತರಿಗೆ ವಿಮಾನ ನಿಲ್ದಾಣದ ಪಕ್ಕ ಡೊಬ್ರಿನ್ಯಾ ಅನ್ನೋ ಇನ್ನೊಂದು ಬಡಾವಣೆ. ಎರಡನ್ನೂ ಕಟ್ಟುವಾಗಲೇ ತೀರ್ಮಾನ ಆಗಿತ್ತು, ಆಟ ಮುಗಿದ ಮೇಲೆ ಇವು ಊರಿನವರ ಮನೆಗಳು. ಹನ್ನೆರಡು ದಿನದ ನೆಂಟರಿಗಾಗಿ ಕಟ್ಟಿದ್ದಲ್ಲ. ಊರಿಗೆ ಹೇಗೂ ಮನೆ ಬೇಕಿತ್ತು, ಮೊದಲ ಹನ್ನೆರಡು ದಿನ ನೆಂಟರು ಇದ್ದು ಹೋಗಲಿ ಅನ್ನೋ ಲೆಕ್ಕ.

ಇದರ ಜೊತೆಗೆ ರೇಡಿಯೊ-ಟೆಲಿವಿಷನ್‌ಗೆ ಹೊಸ ಕಟ್ಟಡ ಬಂತು. ವಿಮಾನ ನಿಲ್ದಾಣ ಹೊಸದಾಯಿತು. ಹಳೇ ಪೇಟೆ ಬಾಶ್‌ಚಾರ್ಶಿಯಾಗೆ ದುರಸ್ತಿ ಭಾಗ್ಯ ಬಂತು. 1983ರಲ್ಲಿ ಇವಾನ್ ಶ್ತ್ರೌಸ್ ಅನ್ನೋ ಅಲ್ಲಿನ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಹಾಲಿಡೇ ಇನ್ ಹೋಟೆಲ್ ಬಾಗಿಲು ತೆರೆಯಿತು. ಕಣ್ಣಿಗೆ ಹೊಡೆಯೋ ಹಳದಿ ಬಣ್ಣದ ಚೌಕ ಕಟ್ಟಡ. ಈ ಹೋಟೆಲಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ತೋಳ ಊಳಿಟ್ಟಿತು

ಸಡಗರದ ಮಾತು ಬಂದರೆ ವುಚ್ಕೊನಿಂದಲೇ ಶುರು ಮಾಡಬೇಕು. ವುಚ್ಕೊ ಅಂದ್ರೆ ಸಣ್ಣ ತೋಳ, ಆಟಗಳ ಲಾಂಛನ ಪ್ರಾಣಿ. ಇಲ್ಲಿ ನಮ್ಮ ದೆಹಲಿ ಏಷ್ಯಾಡ್‌ಗೆ 1982ರಲ್ಲಿ ಅಪ್ಪು ಅನ್ನೋ ಆನೆಮರಿ ಬಂದಿತ್ತಲ್ಲ, ಹೆಚ್ಚುಕಮ್ಮಿ ಅದೇ ಕಾಲ. ಅಳಿಲು, ಕುರಿಮರಿ, ಕಾಡು ಮೇಕೆ, ಮುಳ್ಳುಹಂದಿ, ಹಿಮದ ಉಂಡೆ, ತೋಳ, ಹೀಗೆ ಆರು ಚಿತ್ರಗಳನ್ನ ಪತ್ರಿಕೆಗಳ ಓದುಗರ ಮುಂದೆ ಇಟ್ಟರು. ಜನ ವೋಟು ಹಾಕಿದ್ದು ತೋಳಕ್ಕೆ. ಬರೆದವರು ಸ್ಲೊವೇನಿಯಾದ ಯೋಝೆ ತ್ರೊಬೆತ್ಸ್.

ತಮಾಷೆ ನೋಡಿ, ಆ ಸೀಮೆಯ ಜಾನಪದ ಕತೆಗಳಲ್ಲಿ ತೋಳ ಭಯ ಹುಟ್ಟಿಸೋ ಪ್ರಾಣಿ. ಇಲ್ಲಿ ಕೆಂಪು-ಕಿತ್ತಳೆ ಮೈಯ, ಸದಾ ಹಲ್ಲು ಕಿರಿಯೋ, ಸ್ಕೀ ಹಾಕ್ಕೊಂಡು ದಬ್ಬನೆ ಬೀಳೋ ತೋಳ. ಟಿವಿಯಲ್ಲಿ ಅದರ ಪುಟ್ಟ ಕಾರ್ಟೂನ್‌ಗಳು ಬರ್ತಿದ್ದವು, ಕೊನೆಗೆ ತಲೆ ಎತ್ತಿ ‘ಸರಾಯೆವೋ...’ ಅಂತ ಉದ್ದಕ್ಕೆ ಊಳಿಡ್ತಿತ್ತು. ಆ ದನಿ ಜ್ದ್ರಾವ್ಕೊ ಚೋಲಿಚ್ ಅವರದು. ಸರಾಯೆವೊದವರೇ, ಯುಗೊಸ್ಲಾವಿಯಾ ತುಂಬ ಹೆಸರಾಗಿದ್ದ ಪಾಪ್ ಗಾಯಕ. ನಮ್ಮಲ್ಲಿ ದೊಡ್ಡ ಸಿನಿಮಾ ಗಾಯಕರೊಬ್ಬರು ಅಪ್ಪುಗೆ ಘೀಳಿಟ್ಟ ಹಾಗೆ ಅಂದ್ಕೊಳ್ಳಿ.

1984ರ ಜನವರಿ ಕೊನೆಗೆ ಒಲಿಂಪಿಕ್ ಜ್ಯೋತಿ ಗ್ರೀಸಿನಿಂದ ವಿಮಾನದಲ್ಲಿ ಕಡಲ ತೀರದ ದುಬ್ರೊವ್ನಿಕ್‌ಗೆ ಬಂತು. ಅಲ್ಲಿಂದ ಎರಡು ದಾರಿ, ಒಂದು ದೇಶದ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಒಟ್ಟು 5,000 ಕಿಲೋಮೀಟರ್‌ಗೂ ಹೆಚ್ಚು ದೂರ ಓಡಿದರು. ಆರೂ ಗಣರಾಜ್ಯಗಳನ್ನ ದಾಟಿಕೊಂಡು ಜ್ಯೋತಿ ಸರಾಯೆವೊಗೆ ಬಂತು. ಹತ್ತು ವರ್ಷದೊಳಗೆ ಆ ದಾರಿಯ ಎಷ್ಟೋ ಊರುಗಳ ನಡುವೆ ಗಡಿ, ಚೆಕ್‌ಪೋಸ್ಟ್, ಬಂದೂಕು ಬರುತ್ತೆ ಅಂತ ಓಡಿದವರಿಗೆ ಹೇಳಿದ್ದರೆ ನಕ್ಕುಬಿಡ್ತಿದ್ದರು.

ಎಲ್ಲ ತಯಾರಾಯಿತು. ಕಟ್ಟಡ ಇದೆ, ಜ್ಯೋತಿ ಬಂದಿದೆ, 49 ದೇಶಗಳ ಸುಮಾರು 1,270 ಸ್ಪರ್ಧಿಗಳು ಬಂದಿದ್ದಾರೆ. ಒಂದು ಬಂದಿರಲಿಲ್ಲ.

ಹಿಮ.

ಚಳಿಗಾಲದ ಆಟಕ್ಕೆ ಹಿಮವೇ ಇಲ್ಲದಿದ್ದರೆ ಮದುವೆಗೆ ಗಂಡೇ ಬರದ ಹಾಗೆ. ಇದು ಆಗದ ಮಾತೇನಲ್ಲ. 1964ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹಿಮ ಬೀಳದೆ, ಸೈನಿಕರು ಬೇರೆ ಬೆಟ್ಟಗಳಿಂದ ಹಿಮ ಹೊತ್ತು ತಂದು ಸುರಿಯಬೇಕಾಯಿತು. ಸರಾಯೆವೊದಲ್ಲೂ ಉದ್ಘಾಟನೆಗೆ ಮುಂಚಿನ ದಿನಗಳಲ್ಲಿ ಜನ ಬೆಳಗ್ಗೆ ಎದ್ದು ಕಿಟಕಿ ತೆಗೆದು ಮೊದಲು ನೋಡ್ತಿದ್ದದ್ದು ಆಕಾಶವನ್ನ. ನಮ್ಮ ರೈತರು ಜೂನ್ ತಿಂಗಳಲ್ಲಿ ನೋಡೋ ಹಾಗೆ.

ಫೆಬ್ರುವರಿ 8. ಕೊಶೆವೊ ಸ್ಟೇಡಿಯಂ ತುಂಬಿತ್ತು. ಸಾಂದಾ ದುಬ್ರಾವ್ಚಿಚ್ ಅನ್ನೋ ಹತ್ತೊಂಬತ್ತು ವರ್ಷದ ಸ್ಕೇಟಿಂಗ್ ಹುಡುಗಿ ಉದ್ದನೆಯ ಮೆಟ್ಟಿಲು ಹತ್ತಿ ಜ್ಯೋತಿ ಬೆಳಗಿದಳು. ಆಮೇಲೆ ಹಿಮ ಬಂತು. ಬಂತು ಅಂದ್ರೆ ಹೇಗೆ, ಇಷ್ಟು ದಿನದ ಬಾಕಿ ಎಲ್ಲ ಬಡ್ಡಿ ಸಮೇತ ತೀರಿಸೋ ಹಾಗೆ ಸುರೀತು! ಬ್ಯೆಲಾಶ್ನಿತ್ಸಾ ತುದಿಯಲ್ಲಿ ಬಿರುಗಾಳಿ. ಫೆಬ್ರುವರಿ 9ಕ್ಕೆ ಇದ್ದ ಗಂಡಸರ ಡೌನ್‌ಹಿಲ್ ಮುಂದೂಡಿ, ಮತ್ತೆ ಮುಂದೂಡಿ, ಕೊನೆಗೆ ನಡೆದದ್ದು 16ರಂದು. ಹಿಮ ಇಲ್ಲ ಅಂತ ಅಳ್ತಿದ್ದ ಊರು ಈಗ ಹಿಮ ಜಾಸ್ತಿ ಆಯ್ತು ಅಂತ ತಲೆ ಮೇಲೆ ಕೈ ಹೊತ್ತಿತು.

ಆಗ ಆಗಿದ್ದೇ ನನಗೆ ಈ ಇಡೀ ಕತೆಯ ಜೀವ. ಸೈನಿಕರು ಬಂದರು, ಸ್ವಯಂಸೇವಕರು ಬಂದರು. ಅವರ ಜೊತೆ ಊರಿನ ಜನ ಮನೆಯಲ್ಲಿದ್ದ ಸಲಿಕೆ ಹಿಡ್ಕೊಂಡು ಬೀದಿಗೆ ಇಳಿದರು. ರಸ್ತೆ ಬಿಡಿಸಿದರು, ಸ್ಕೀ ಹಾದಿಗಳನ್ನ ಕಾಲಲ್ಲಿ ತುಳಿದು ಗಟ್ಟಿ ಮಾಡಿದರು. ಬಂದ ನೆಂಟರ ಮುಂದೆ ಮಾನ ಹೋಗಬಾರದು ಅನ್ನೋ ಒಂದೇ ಹಟ. ಮದುವೆ ಮನೆಯಲ್ಲಿ ಮಳೆ ಬಂದು ಚಪ್ಪರ ಸೋರಿದಾಗ ಬೀದಿಯವರೆಲ್ಲ ಓಡಿ ಬಂದು ಕೈ ಹಾಕ್ತಾರಲ್ಲ, ಹಾಗೆ.

ಫೆಬ್ರುವರಿ 14ಕ್ಕೆ ಎರಡು ಸಂಗತಿ ನಡೆಯಿತು. ಒಂದು, ಝೆತ್ರಾ ಹಾಲ್‌ನಲ್ಲಿ ಬ್ರಿಟನ್ನಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ಜೋಡಿ ‘ಬೊಲೆರೊ’ ಸಂಗೀತಕ್ಕೆ ಐಸ್ ಮೇಲೆ ನರ್ತಿಸಿ ಚಿನ್ನ ಗೆದ್ದರು. ಪೂರ್ಣಾಂಕ 6.0 ಹನ್ನೆರಡು ಬಾರಿ ಬಂತು. ಯೂಟ್ಯೂಬಿನಲ್ಲಿ ಇದೆ, ಈ ಎಪಿಸೋಡ್ ಮುಗಿದ ಮೇಲೆ ನೋಡಿ. ಎರಡು, ಯುರೆ ಫ್ರಾಂಕೊ ಅನ್ನೋ ಸ್ಲೊವೇನಿಯಾದ ಹುಡುಗ ಜೈಂಟ್ ಸ್ಲಾಲಂನಲ್ಲಿ ಬೆಳ್ಳಿ ಗೆದ್ದ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾಕ್ಕೆ ಅದೇ ಮೊಟ್ಟಮೊದಲ ಪದಕ. ಊರು ಹುಚ್ಚೆದ್ದಿತು. ‘ಬುರೆಕ್’ ಅಂದ್ರೆ ಮಾಂಸ ತುಂಬಿದ ಪದರಪದರದ ತಿಂಡಿ, ಸರಾಯೆವೊದವರಿಗೆ ಪ್ರಾಣ. ನಮಗೆ ಬುರೆಕ್‌ಗಿಂತ ಯುರೆಕ್ ಮೇಲೆ ಪ್ರೀತಿ ಜಾಸ್ತಿ ಅಂತ ಪ್ರಾಸ ಕಟ್ಟಿ ಘೋಷಣೆ ಕೂಗಿದರು. ಬೆಂಗಳೂರಿನವರು ಒಬ್ಬ ಆಟಗಾರನಿಗೆ ‘ಮಸಾಲೆ ದೋಸೆಗಿಂತ ನೀನೇ ಮೇಲು’ ಅಂದ ಹಾಗೆ. ಗೆದ್ದವನು ಸ್ಲೊವೇನಿಯಾದವನು, ಕೂಗಿದವರು ಬೋಸ್ನಿಯಾದವರು. ಆವತ್ತು ಅದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ.

ಫೆಬ್ರುವರಿ 19ಕ್ಕೆ ಆಟ ಮುಗಿಯಿತು. ಮೊಯ್ಮಿಲೊ, ಡೊಬ್ರಿನ್ಯಾ ಮನೆಗಳಿಗೆ ಸಂಸಾರಗಳು ಬಂದವು. ನನ್ನ ಮೂಲ ಎಪಿಸೋಡ್ ಆಗಿದ್ದರೆ ಇಲ್ಲಿಗೆ ಮುಗೀಬೇಕಿತ್ತು. ಚೆನ್ನಾಗಿ ನಡೆಸಿದ ಊರು, ಮನೆಗಳು ದಕ್ಕಿದವು, ಧನ್ಯವಾದ, ಮುಂದಿನ ವಾರ ಸಿಗೋಣ.

ಎಂಟು ವರ್ಷದ ಮೇಲೆ

1992ರ ಏಪ್ರಿಲ್. ಯುಗೊಸ್ಲಾವಿಯಾ ಒಡೆದುಹೋಗ್ತಾ ಇತ್ತು. ಬೋಸ್ನಿಯಾ ಸ್ವತಂತ್ರ ದೇಶ ಆಗೋಕೆ ಹೊರಟಿತ್ತು. ಬೋಸ್ನಿಯಾದ ಸರ್ಬ್ ರಾಷ್ಟ್ರವಾದಿಗಳ ನಾಯಕರು ಅದನ್ನ ಒಪ್ಪಲಿಲ್ಲ. ಏಪ್ರಿಲ್ 6ರಂದು ಯುದ್ಧ ಬೇಡ ಅಂತ ಬೀದಿಗೆ ಬಂದಿದ್ದ ಸಾವಿರಾರು ಜನರ ಮೇಲೆ ಗುಂಡು ಹಾರಿತು. ಎಲ್ಲಿಂದ? ಆ ಹಳದಿ ಹೋಟೆಲಿನಿಂದ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದೇ ಹಾಲಿಡೇ ಇನ್.

ಆಮೇಲೆ ಮುತ್ತಿಗೆ. ಬಟ್ಟಲಿನ ಥರದ ಊರು ಅಂತ ಶುರುವಿನಲ್ಲಿ ಹೇಳಿದೆ. ಸುತ್ತಲಿನ ಬೆಟ್ಟ ಹಿಡಿದವರಿಗೆ ಒಳಗಿನವರೆಲ್ಲ ಗುರಿ. ಸರ್ಬ್ ಪಡೆಗಳು ಬೆಟ್ಟದ ಮೇಲಿಂದ ಶೆಲ್ ಹಾಕಿದವು, ಮರೆಯಲ್ಲಿ ಕೂತ ಬಂದೂಕುಧಾರಿಗಳು ನೀರು ತರೋಕೆ ಹೋದವರನ್ನ ಹೊಡೆದರು. ಇದು 1,425 ದಿನ ನಡೆಯಿತು. ನಾಲ್ಕು ವರ್ಷಕ್ಕೆ ಸುಮಾರು ಐದು ವಾರ ಕಮ್ಮಿ. ಸತ್ತವರ ನೆನಪಿಗೆ 2012ರಲ್ಲಿ ಊರಿನ ಮುಖ್ಯ ಬೀದಿಯಲ್ಲಿ ಖಾಲಿ ಕೆಂಪು ಕುರ್ಚಿಗಳನ್ನ ಸಾಲಾಗಿ ಇಟ್ಟಿದ್ದರು. 11,541 ಕುರ್ಚಿ.

ಒಲಿಂಪಿಕ್ಸ್‌ಗೆ ಕಟ್ಟಿದ ಒಂದೊಂದಕ್ಕೂ ಏನಾಯಿತು ಅಂತ ನಾನು ಪಟ್ಟಿ ಮಾಡಿದೆ. ಆಸ್ತಿಗಳ ಪಟ್ಟಿ ಮಾಡೋದು ನನಗೆ ಗೊತ್ತಿರೋ ಕೆಲಸ. ಇಂಥ ಪಟ್ಟಿ ಹಿಂದೆ ಯಾವತ್ತೂ ಮಾಡಿರಲಿಲ್ಲ.

ಟ್ರೆಬೆವಿಚ್‌ನ ಬಾಬ್‌ಸ್ಲೆಡ್ ಹಾದಿ: ಮುತ್ತಿಗೆ ಹಾಕಿದವರ ಫಿರಂಗಿ ನೆಲೆ. ಆ ಕಾಂಕ್ರೀಟು ಅವರಿಗೆ ಒಳ್ಳೇ ಮರೆ ಆಯಿತು.

ಒಲಿಂಪಿಕ್ ಮ್ಯೂಸಿಯಂ: 1992ರ ಏಪ್ರಿಲ್‌ನಲ್ಲೇ ಶೆಲ್ ಬಿದ್ದು ಹಾಳು.

ಝೆತ್ರಾ: ಮೇ ತಿಂಗಳಲ್ಲಿ ಶೆಲ್ ಬಿತ್ತು, ತಾಮ್ರದ ಚಾವಣಿ ಹೋಯಿತು. ಕೆಳಗಿನ ಕೋಣೆಗಳು ಶವಾಗಾರ ಆದವು. ‘ಬೊಲೆರೊ’ ನೋಡೋಕೆ ಜನ ಕೂತಿದ್ದ ಮರದ ಸೀಟುಗಳನ್ನ ಕಿತ್ತು ಶವಪೆಟ್ಟಿಗೆ ಮಾಡಿದರು.

ಕೊಶೆವೊ ಪಕ್ಕದ ಅಭ್ಯಾಸದ ಮೈದಾನ: ಸ್ಮಶಾನಗಳಲ್ಲಿ ಜಾಗ ಸಾಲದೆ ಅಲ್ಲೂ ಹೂಳಿದರು.

ಈ ಪಟ್ಟಿಯನ್ನ ಇಂಟರ್‌ನೆಟ್‌ನಲ್ಲಿ ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಪಾಳು ಬಿದ್ದ ಹಾದಿಯ ಫೋಟೋ, ಅದರ ಮೇಲೆ ಗ್ರಾಫಿಟಿ, ಕೆಳಗೆ ಒಂದು ದುಃಖದ ಸಾಲು. ನಾನೂ ಮೊದಲು ಅಲ್ಲಿಗೇ ನಿಲ್ಲಿಸಿದ್ದೆ. ಆಮೇಲೆ ಡೊಬ್ರಿನ್ಯಾ ಬಗ್ಗೆ ಓದಿದೆ.

ಡೊಬ್ರಿನ್ಯಾ, ಪತ್ರಕರ್ತರಿಗೆ ಕಟ್ಟಿದ ಬಡಾವಣೆ. ಯುದ್ಧ ಬಂದಾಗ ಅದೇ ಮುಂಚೂಣಿ ಆಗಿ, ಒಂದಷ್ಟು ಕಾಲ ಊರಿನಿಂದಲೂ ಬೇರ್ಪಟ್ಟಿತು. ಅದರ ಪಕ್ಕ ವಿಮಾನ ನಿಲ್ದಾಣ, ವಿಶ್ವಸಂಸ್ಥೆಯ ಸೈನಿಕರ ಕೈಯಲ್ಲಿ. ರನ್‌ವೇ ದಾಟಿದರೆ ಆಚೆ ಬುತ್‌ಮಿರ್ ಅನ್ನೋ ಹಳ್ಳಿ, ಅದು ಬೋಸ್ನಿಯಾ ಸರ್ಕಾರದ ಕೈಯಲ್ಲಿ. ರಾತ್ರಿ ರನ್‌ವೇ ಮೇಲೆ ಓಡಿ ದಾಟೋಕೆ ಹೋದವರು ಎಷ್ಟೋ ಜನ ಸತ್ತರು. ಹಾಗಾಗಿ 1993ರಲ್ಲಿ ಡೊಬ್ರಿನ್ಯಾದ ಒಂದು ಅಪಾರ್ಟ್‌ಮೆಂಟ್ ಕಟ್ಟಡದ ಕಡೆಯಿಂದ ಮತ್ತು ಬುತ್‌ಮಿರ್ ಕಡೆಯಿಂದ ರನ್‌ವೇ ಕೆಳಗೆ ಸುರಂಗ ತೋಡಿದರು. ಗುದ್ದಲಿ, ಸಲಿಕೆ, ತಳ್ಳುಗಾಡಿಯಲ್ಲಿ. ಸುಮಾರು 800 ಮೀಟರ್. ತಲೆ ಬಗ್ಗಿಸಿಕೊಂಡು ನಡೀಬೇಕು, ಕಾಲಡಿ ನೀರು. ಅನ್ನ, ಔಷಧ, ಆಯುಧ ಒಳಗೆ ಬಂದವು, ಗಾಯಗೊಂಡವರು ಹೊರಗೆ ಹೋದರು.

ಸುರಂಗದ ಆಚೆ ಬಾಯಿಂದ ಹೊರಗಿನ ಜಗತ್ತಿಗೆ ಹೋಗೋ ಒಂದೇ ದಾರಿ ಯಾವ ಬೆಟ್ಟದ ಮೇಲೆ ಇತ್ತು ಗೊತ್ತಾ? ಇಗ್ಮನ್. ಸ್ಕೀ ಜಂಪ್ ನಡೆದ ಬೆಟ್ಟ. ಊರಿನ ಉಸಿರು ಆ ಬೆಟ್ಟದ ದಾರಿಯಲ್ಲಿ ಓಡಾಡಿತು.

1994ರ ಫೆಬ್ರುವರಿಯಲ್ಲಿ, ಒಲಿಂಪಿಕ್ಸ್ ಆಗಿ ಸರಿಯಾಗಿ ಹತ್ತು ವರ್ಷಕ್ಕೆ, ಮಾರ್ಕಾಲೆ ಅನ್ನೋ ಮಾರುಕಟ್ಟೆಗೆ ಶೆಲ್ ಬಿದ್ದು 68 ಜನ ಸತ್ತರು. ಅದಾದ ಒಂದೇ ವಾರಕ್ಕೆ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರುವಾಯಿತು. ಒಲಿಂಪಿಕ್ ಸಮಿತಿಯ ಅಧ್ಯಕ್ಷ ಹುವಾನ್ ಆಂಟೋನಿಯೊ ಸಮರಾಂಚ್ ಅಲ್ಲಿ ಸರಾಯೆವೊಗಾಗಿ ಮೌನ ಆಚರಿಸಿ ಅಂತ ಕೇಳಿಕೊಂಡರು. ಆ ಆಟಗಳಲ್ಲಿ ಬೋಸ್ನಿಯಾದಿಂದ ನಾಲ್ವರ ಬಾಬ್‌ಸ್ಲೆಡ್ ತಂಡ ಬಂದಿತ್ತು. ಗಾಡಿಯೊಳಗೆ ಇಬ್ಬರು ಬೋಸ್ನಿಯಾಕ್ ಮುಸ್ಲಿಮರು, ಒಬ್ಬ ಕ್ರೊಯಾಟ್, ಒಬ್ಬ ಸರ್ಬ್. ಊರಲ್ಲಿ ಇದೇ ಮೂರು ಹೆಸರುಗಳಲ್ಲಿ ಯುದ್ಧ ನಡೀತಿತ್ತು. ಈ ನಾಲ್ವರು ಒಂದೇ ಗಾಡಿ ತಳ್ಳಿಕೊಂಡು ಓಡಿ, ಒಟ್ಟಿಗೆ ಹತ್ತಿ ಕೂತರು.

ಹಾಗಾದ್ರೆ ಲೆಕ್ಕ?

ಈಗ ನನ್ನ ಮೂಲ ಪ್ರಶ್ನೆಗೆ ಬರ್ತೀನಿ. ಆ ಆರು ವರ್ಷದ ತಯಾರಿ, ಆ ಸಂಬಳದ ಪಾಲು, ಆ ಸಲಿಕೆಗಳು ದಂಡವಾ?

ಒಂದು ವಾದ ಇದೆ. 1984ರ ಆ ಒಗ್ಗಟ್ಟು ಬರೀ ಬಣ್ಣ ಬಳಿದದ್ದು, ಒಳಗೆ ಸಾಲ, ಜಗಳ ಕೊಳೀತಿತ್ತು, ಹಬ್ಬ ಅದನ್ನ ಮುಚ್ಚಿತು ಅಂತ. ಇದರಲ್ಲಿ ನಿಜ ಇದೆ. ದೇಶದ ಆರ್ಥಿಕತೆ ಕುಸೀತಿತ್ತು, ಹನ್ನೆರಡು ದಿನದ ಟಿವಿ ಚಿತ್ರ ಅದನ್ನ ಸರಿಮಾಡಲಿಲ್ಲ. ಒಲಿಂಪಿಕ್ಸ್ ನಡೆಸಿದರೆ ಯುದ್ಧ ನಿಲ್ಲಲ್ಲ. ಇಷ್ಟನ್ನ ಯಾವ ಊರೂ ಮರೀಬಾರದು.

ಆದರೆ ಒಗ್ಗಟ್ಟು ಸುಳ್ಳಾಗಿತ್ತು ಅನ್ನೋದನ್ನ ನಾನು ಒಪ್ಪಲ್ಲ. ಯಾಕಂದ್ರೆ ಈ ‘ಎಲ್ಲ ನಾಟಕ, ಇವರು ಒಟ್ಟಿಗೆ ಬಾಳೋಕೆ ಆಗ್ತಾನೇ ಇರಲಿಲ್ಲ’ ಅನ್ನೋ ಮಾತನ್ನೇ ಬೆಟ್ಟದ ಮೇಲೆ ಫಿರಂಗಿ ಇಟ್ಟವರೂ ಹೇಳ್ತಿದ್ದರು. ಫೆಬ್ರುವರಿಯ ಆ ರಾತ್ರಿ ಪಕ್ಕದ ಮನೆಯವನ ಹೆಸರು ಕೇಳದೆ ಸಲಿಕೆ ಹಿಡಿದವರು ನಾಟಕ ಮಾಡಿರಲಿಲ್ಲ. ನಡೆದದ್ದನ್ನ ನಡೆದೇ ಇಲ್ಲ ಅಂತ ಪುಸ್ತಕದಿಂದ ಹೊಡೆದು ಹಾಕೋದು ಅಕೌಂಟ್ಸ್‌ನಲ್ಲೂ ತಪ್ಪು, ಚರಿತ್ರೆಯಲ್ಲೂ ತಪ್ಪು.

ಯುದ್ಧ ಮುಗಿದ ಮೇಲೆ ಝೆತ್ರಾ ಮತ್ತೆ ಎದ್ದಿತು, 1999ರಲ್ಲಿ ಬಾಗಿಲು ತೆರೆಯಿತು. ಅದಕ್ಕೆ ಒಲಿಂಪಿಕ್ ಸಮಿತಿಯ ನೆರವೂ ಬಂತು. ಮೊಯ್ಮಿಲೊ ಮನೆಗಳನ್ನ ಮತ್ತೆ ಕಟ್ಟೋಕೆ ಕೈ ಹಾಕಿದ್ದು ಬಾರ್ಸಿಲೋನಾ, 1992ರ ಬೇಸಿಗೆ ಒಲಿಂಪಿಕ್ಸ್ ನಡೆಸಿದ ಊರು. ತನ್ನ ಹತ್ತು ಜಿಲ್ಲೆಗಳ ಜೊತೆ ಸರಾಯೆವೊ ನಮ್ಮ ಹನ್ನೊಂದನೇ ಜಿಲ್ಲೆ ಅಂತ ಘೋಷಿಸಿಕೊಂಡಿತು. 2014ರಲ್ಲಿ ಟಾರ್ವಿಲ್ ಮತ್ತು ಡೀನ್ ವಾಪಸ್ ಬಂದು ಅದೇ ಝೆತ್ರಾದಲ್ಲಿ ‘ಬೊಲೆರೊ’ ಮತ್ತೊಮ್ಮೆ ಆಡಿದರು. 2018ರಲ್ಲಿ ಟ್ರೆಬೆವಿಚ್‌ಗೆ ಕೇಬಲ್ ಕಾರ್ ಮತ್ತೆ ಶುರುವಾಯಿತು. 2019ರ ಫೆಬ್ರುವರಿಯಲ್ಲಿ, ಯುದ್ಧದ ನಂತರ ಎರಡು ಆಡಳಿತಗಳಾಗಿ ಹಂಚಿಹೋದ ಸರಾಯೆವೊ ಮತ್ತು ಪೂರ್ವ ಸರಾಯೆವೊ ಸೇರಿ ಯುರೋಪಿನ ಯುವಜನರ ಚಳಿಗಾಲದ ಒಲಿಂಪಿಕ್ ಉತ್ಸವ ನಡೆಸಿದವು. ಜಗಳ ಪೂರ್ತಿ ಮುಗಿದಿದೆ ಅಂತಲ್ಲ. ಆದರೆ ಒಟ್ಟಿಗೆ ಸೇರೋಕೆ ಒಂದು ನೆಪ ಬೇಕಾದಾಗ ಅವರು ಹುಡುಕಿಕೊಂಡದ್ದು 1984ರ ನೆನಪನ್ನೇ.

ವುಚ್ಕೊ ಇವತ್ತಿಗೂ ಬಾಶ್‌ಚಾರ್ಶಿಯಾದ ಅಂಗಡಿಗಳಲ್ಲಿ ಟೀಶರ್ಟ್ ಮೇಲೆ, ಕೀಚೈನ್ ಮೇಲೆ ನೇತಾಡ್ತಾನೆ. ಅವನನ್ನ ಆರಿಸಿದ ದೇಶವೇ ಇಲ್ಲ. ಅವನಿದ್ದಾನೆ.

ಅಕೌಂಟ್ಸ್‌ನಲ್ಲಿ ‘ಗುಡ್‌ವಿಲ್’ ಅಂತ ಒಂದು ಆಸ್ತಿ ಇದೆ. ಮುಟ್ಟೋಕಾಗಲ್ಲ, ತೂಗೋಕಾಗಲ್ಲ, ಕಂಪನಿ ಚೆನ್ನಾಗಿ ನಡೀತಿರುವಾಗ ಅದಕ್ಕೆ ಬೆಲೆ ಕಟ್ಟೋದು ಕಷ್ಟ. ಕಾಲೇಜಲ್ಲಿ ನಮಗೆ ಅದು ಜರ್ನಲ್ ಎಂಟ್ರಿ ಹಾಕೋ ಒಂದು ಲೆಕ್ಕ, ಅಷ್ಟೇ. ಸರಾಯೆವೊ ಬಗ್ಗೆ ಓದಿದ ಮೇಲೆ ಆ ಪದ ನನಗೆ ಸ್ವಲ್ಪ ಬೇರೆ ಥರ ಕೇಳಿಸ್ತಾ ಇದೆ.

ನಿಮ್ಮ ಊರಿನಲ್ಲಿ ಇಡೀ ಬೀದಿ ಒಟ್ಟಿಗೆ ಕೈ ಹಾಕಿದ ಒಂದು ದಿನ ಇದ್ದರೆ, ಜಾತ್ರೆಯೋ, ಪ್ರವಾಹವೋ, ಏನೇ ಇರಲಿ, ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಒಂದೆರಡು ಕೇಳಿಸ್ತೀನಿ. ಆ ಸಾಲದ ಊರುಗಳ ಪಟ್ಟಿ ಇನ್ನೂ ಹಾಗೇ ಇದೆ, ಮಾಂಟ್ರಿಯಲ್‌ನ ಮೂವತ್ತು ವರ್ಷದ ಬಾಕಿ ಕತೆ ಅವತ್ತು ಹೇಳ್ತೀನಿ.

ಅಲ್ಲಿವರೆಗೂ ಚೆನ್ನಾಗಿರಿ. ಸಿಗೋಣ.